ಮನೆಗೆ ಬೆಲೆ ಕಟ್ಟುವ ಶಾಸ್ತ್ರ

ಅಕ್ಕಿಯ ತೂಕವನ್ನು ತಿಳಿಯಬೇಕಾದರೆ ತಕ್ಕಡಿಯುಂಟು. ಬಟ್ಟೆಯ ಉದ್ದವನ್ನು ತಿಳಿಯಬೇಕಾದರೆ ಅಳತೆಗೋಲುಂಟು. ಜ್ವರದ ಕಾವನ್ನು ತಿಳಿಯಬೇಕಾದರೆ ಉಷ್ಣಮಾಪಕವುಂಟು. ಆದರೆ ಮೂವತ್ತು ವರ್ಷಗಳಿಂದ ಯಾರೂ ಮಾರದ, ಯಾರೂ ಕೊಳ್ಳದ ಒಂದು ಮನೆಯ ಬೆಲೆಯನ್ನು ತಿಳಿಯಲು ಯಾವ ಉಪಕರಣವನ್ನು ತರೋಣ? ಒಂದು ಮನೆಯದಾದರೆ ನಾಲ್ಕು ಜನ ಹಿರಿಯರು ಕುಳಿತು ತೀರ್ಮಾನಿಸಿಯಾರು. ಲಕ್ಷಗಟ್ಟಲೆ ಮನೆಗಳಿಗೆ ಏಕಕಾಲದಲ್ಲಿ ಬೆಲೆ ಕಟ್ಟಬೇಕಾದರೆ ಗತಿಯೇನು?

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಕೆಲಸವು ಕಾಲಕಾಲಕ್ಕೆ ತಪ್ಪದೆ ನಡೆಯುತ್ತದೆ. ಅಲ್ಲಿನ ರಾಜ್ಯಗಳು ಬಹುಮಟ್ಟಿಗೆ ನಮ್ಮ ಜಿಲ್ಲೆಗಳನ್ನು ಹೋಲುವ 'ಕೌಂಟಿ'ಗಳಾಗಿ ವಿಭಾಗವಾಗಿವೆ. ಲೂಯಿಸಿಯಾನದಲ್ಲಿ ಇವಕ್ಕೆ 'ಪ್ಯಾರಿಷ್' ಎಂದು ಹೆಸರು. ದೇಶದಲ್ಲಿ ಇಂಥವು ಮೂರು ಸಾವಿರಕ್ಕೂ ಮೇಲ್ಪಟ್ಟು ಇವೆ. ಶಾಲೆ, ರಸ್ತೆ, ಅಗ್ನಿಶಾಮಕ ದಳ ಮುಂತಾದವುಗಳ ವೆಚ್ಚದ ದೊಡ್ಡದೊಂದು ಪಾಲು ಆಸ್ತಿ ತೆರಿಗೆಯಿಂದ ಬರುತ್ತದೆ. ಆ ತೆರಿಗೆಗೆ ಆಧಾರ ಮನೆಯ ಬೆಲೆ. ಆದುದರಿಂದ ಬೆಲೆ ಕಟ್ಟುವುದರಲ್ಲಿ ತಪ್ಪಾದರೆ ಒಬ್ಬನ ಹೊರೆ ಇನ್ನೊಬ್ಬನ ತಲೆಯ ಮೇಲೆ ಬೀಳುವುದು. ಈ ಅಳತೆ ಹೇಗೆ ನಡೆಯುವುದು, ಅದು ಸರಿಯೋ ತಪ್ಪೋ ಎಂದು ಕಂಡುಹಿಡಿಯುವ ಬಗೆ ಯಾವುದು ಎಂಬುದನ್ನು ಈಗ ನಾವು ವಿಚಾರಿಸೋಣ.

ನೆಲಕ್ಕೆ ಗೆರೆ ಎಳೆದ ಬಗೆ

ಬೆಲೆ ಕಟ್ಟುವುದಕ್ಕೆ ಮೊದಲು, ಯಾವುದಕ್ಕೆ ಬೆಲೆ ಎಂಬುದು ಗೊತ್ತಾಗಬೇಕಷ್ಟೆ. ಪೂರ್ವ ಕರಾವಳಿಯ ಹಳೆಯ ವಸಾಹತುಗಳಲ್ಲಿ ನೆಲದ ಮೇರೆಯನ್ನು ನಮ್ಮ ಚಕ್ಕುಬಂದಿಯ ರೀತಿಯಲ್ಲಿಯೇ ಬರೆಯುತ್ತಿದ್ದರು: ಓಕ್ ಮರದಿಂದ ಹಳ್ಳದವರೆಗೆ, ಹಳ್ಳದ ದಂಡೆಯಿಂದ ಬಂಡೆಯವರೆಗೆ ಎಂದು. ಮರ ಬಿತ್ತು, ಹಳ್ಳ ದಿಕ್ಕು ಬದಲಿಸಿತು ಎಂದರೆ ವ್ಯಾಜ್ಯ ಹುಟ್ಟಿತು.

೧೭೮೫ರಲ್ಲಿ ಅಲ್ಲಿನ ಸರ್ಕಾರವು ಪಶ್ಚಿಮದ ಹೊಸ ನೆಲಕ್ಕಾಗಿ ಬೇರೊಂದು ಕ್ರಮವನ್ನು ಗೊತ್ತುಮಾಡಿತು. ನೆಲವನ್ನೆಲ್ಲ ೬ ಮೈಲಿ ಚೌಕದ 'ಟೌನ್‌ಶಿಪ್'ಗಳಾಗಿಯೂ, ಒಂದೊಂದು ಟೌನ್‌ಶಿಪ್ಪನ್ನು ೧ ಮೈಲಿ ಚೌಕದ ೩೬ ಭಾಗಗಳಾಗಿಯೂ ವಿಂಗಡಿಸಬೇಕೆಂಬುದೇ ಆ ಕ್ರಮ. ೧೬ನೆಯ ಭಾಗವನ್ನು ಶಾಲೆಗೆಂದು ಮೀಸಲಿಟ್ಟರು. ೧೭೯೬ರ ಕಾನೂನಿನಂತೆ ಈ ಭಾಗಗಳಿಗೆ ಸಂಖ್ಯೆ ಕೊಡುವ ರೀತಿ ಬಲು ಸೊಗಸಾದುದು. ಈಶಾನ್ಯ ಮೂಲೆಯಲ್ಲಿ ಆರಂಭಿಸಿ ಪಡುವಣಕ್ಕೆ ಆರು ಮನೆ ಹೋಗಿ, ಕೆಳಗಿಳಿದು ಮತ್ತೆ ಮೂಡಣಕ್ಕೆ ಆರು ಮನೆ ತಿರುಗಬೇಕು. ಹೊಲದ ಅಂಚು ಮುಟ್ಟಿದ ಎತ್ತು ಹಿಂದಿರುಗಿ ಪಕ್ಕದ ಸಾಲು ಹಿಡಿಯುವ ಹಾಗೆ.

ಅಳೆದ ಉಪಕರಣ ಒಂದು ಸರಪಳಿ. ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗುಂಟರ್ ೧೬೨೦ರಲ್ಲಿ ರೂಪಿಸಿದ ಈ ಸರಪಳಿಯ ಉದ್ದ ೬೬ ಅಡಿ, ಕೊಂಡಿಗಳು ೧೦೦. ಇಂಥ ೮೦ ಸರಪಳಿಗಳು ಸೇರಿದರೆ ಸರಿಯಾಗಿ ೧ ಮೈಲಿ. ೧೦ ಚದರ ಸರಪಳಿಗಳು ಸೇರಿದರೆ ಸರಿಯಾಗಿ ೧ ಎಕರೆ. ಮೈಲಿ ಚೌಕದ ಒಂದು ಭಾಗದಲ್ಲಿ ೮೦ನ್ನು ೮೦ರಿಂದ ಗುಣಿಸಿದಷ್ಟು, ಎಂದರೆ ೬,೪೦೦ ಚದರ ಸರಪಳಿ ಇರುವುದರಿಂದ ಅದರ ವಿಸ್ತೀರ್ಣ ೬೪೦ ಎಕರೆ. ನಮ್ಮ ರೈತರಿಗೂ ಈ ಲೆಕ್ಕ ದೂರದ್ದಲ್ಲ. ಗುಂಟರನ ಸರಪಳಿಯ ಅರ್ಧ ೩೩ ಅಡಿ. ೩೩ ಅಡಿ ಚೌಕವೇ ನಮ್ಮ ಒಂದು ಗುಂಟೆ. ೪೦ ಗುಂಟೆ ಒಂದು ಎಕರೆ. ಮಿಸಿಸಿಪ್ಪಿ ನದಿಯಾಚೆಯ ಗೋಧಿಯ ಹೊಲವೂ ಧಾರವಾಡದ ಜೋಳದ ಹೊಲವೂ ಒಂದೇ ಅಳತೆಯ ಮನೆತನಕ್ಕೆ ಸೇರಿದವು.

ಆದರೆ ಭೂಮಿ ಚಪ್ಪಟೆಯಲ್ಲ. ಉತ್ತರಕ್ಕೆ ಹೋದಂತೆ ರೇಖಾಂಶದ ಗೆರೆಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ಆದಕಾರಣ ಎಲ್ಲ ಚೌಕಗಳೂ ನಿಜವಾದ ಚೌಕಗಳಾಗಿರಲಾರವು. ಇದನ್ನು ಸರಿಪಡಿಸಲು ಸಾಮಾನ್ಯವಾಗಿ ೨೪ ಮೈಲಿಗೊಮ್ಮೆ ತಿದ್ದುಪಡಿಯ ಗೆರೆಯೊಂದನ್ನು ಎಳೆದು ಅಲ್ಲಿಂದ ಹೊಸದಾಗಿ ಅಳೆಯುತ್ತಿದ್ದರು.

ಇಂದು ಪ್ರತಿಯೊಂದು ತುಂಡು ನೆಲಕ್ಕೂ ಒಂದು ಸಂಖ್ಯೆಯುಂಟು. ಚಿಕಾಗೋ ನಗರವಿರುವ ಕುಕ್ ಕೌಂಟಿಯಲ್ಲಿ ಅದು ೧೪ ಅಂಕಿಗಳದು: ಮೊದಲು ಪ್ರದೇಶ, ಬಳಿಕ ಉಪಪ್ರದೇಶ, ಬಳಿಕ ಬೀದಿಗಳ ನಡುವಣ ಕಟ್ಟು, ಬಳಿಕ ನಿವೇಶನ, ಕೊನೆಗೆ ಬಹುಮಹಡಿ ಕಟ್ಟಡದೊಳಗಿನ ಮನೆ. ಅಂಚೆಯ ವಿಳಾಸ ಬದಲಾದೀತು. ನೆಲದ ಗುರುತಾಗಿ ಕಚೇರಿಯು ನೆಚ್ಚುವುದು ಈ ಸಂಖ್ಯೆಯನ್ನು.

ಕ್ರಯಪತ್ರದ ಕಡತ

ನೆಲ ಯಾವುದೆಂದು ತಿಳಿಯಿತು, ಅದು ಯಾರದು? ಇದನ್ನು ಹೇಳುವುದು ಕೌಂಟಿಯ ರೆಕಾರ್ಡರ್ ಕಚೇರಿ. ಮಾರಿದವನು ಕ್ರಯಪತ್ರ ಬರೆದುಕೊಟ್ಟರೆ ಕೊಂಡವನು ಅದನ್ನು ಇಲ್ಲಿ ದಾಖಲು ಮಾಡಿಸುವನು. ಕಚೇರಿಯು ಕೊಟ್ಟವರ ಹೆಸರಿನಲ್ಲೊಂದು, ಪಡೆದವರ ಹೆಸರಿನಲ್ಲೊಂದು ಸೂಚಿಯನ್ನು ಇಡುತ್ತದೆ. ಮನೆಯ ಇತಿಹಾಸವನ್ನು ಅರಿಯಬಯಸುವವನು ಇಂದಿನ ಒಡೆಯನ ಹೆಸರನ್ನು ಪಡೆದವರ ಸೂಚಿಯಲ್ಲಿ ಹುಡುಕಿ, ಅವನಿಗೆ ಕೊಟ್ಟವನು ಯಾರೆಂದು ಕಂಡು, ಆ ಕೊಟ್ಟವನು ಯಾರಿಂದ ಪಡೆದನೆಂದು ನೋಡಿ, ಹೀಗೆ ಕೊಂಡಿಯಿಂದ ಕೊಂಡಿಗೆ ಹಿಂದೆ ಸರಿಯಬಹುದು. ಇದೂ ಒಂದು ಸರಪಳಿಯೇ.

ದಾಖಲೆಯಿಂದ ಏನು ಪ್ರಯೋಜನ? ಒಬ್ಬ ಕಪಟಿಯು ಒಂದೇ ಮನೆಯನ್ನು ಬೆಳಗ್ಗೆ ಒಬ್ಬನಿಗೂ ಸಂಜೆ ಇನ್ನೊಬ್ಬನಿಗೂ ಮಾರಿದನೆಂದು ಭಾವಿಸೋಣ. ಬೆಳಗ್ಗೆ ಕೊಂಡವನು ಕ್ರಯಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನಾದನು. ಸಂಜೆಯವನು, ಮೊದಲ ಮಾರಾಟವನ್ನರಿಯದೆ, ಹಣ ಕೊಟ್ಟು ಕೊಂಡು, ತನ್ನ ಪತ್ರವನ್ನು ಮೊದಲು ದಾಖಲು ಮಾಡಿಸಿದನು. ಬಹುಪಾಲು ರಾಜ್ಯಗಳಲ್ಲಿ ಮನೆ ಸಂಜೆಯವನಿಗೇ ಸೇರುವುದು. ಲೋಕಕ್ಕೆ ತಿಳಿಸದೆ ಇಟ್ಟುಕೊಂಡ ಹಕ್ಕಿಗೆ ಲೋಕದೆದುರು ಬಲ ಕಡಮೆ ಎಂಬುದೇ ಇದರ ತತ್ತ್ವ. ಮ್ಯಾಸಚೂಸೆಟ್ಸ್ ಬೇ ವಸಾಹತಿನಲ್ಲಿ ೧೬೪೦ರಷ್ಟು ಹಿಂದೆಯೇ ಇಂಥ ದಾಖಲೆಯ ಕಾನೂನು ಬಂದಿತು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಕಚೇರಿಯು ಪತ್ರವನ್ನು ಕಾಪಾಡುವುದೇ ಹೊರತು ಪತ್ರದಲ್ಲಿರುವುದು ಸತ್ಯವೆಂದು ಹೊಣೆ ಹೊರುವುದಿಲ್ಲ. ಈ ಕೊರತೆಯನ್ನು ತುಂಬಲೆಂದೇ ೧೮೭೬ರಲ್ಲಿ ಫಿಲಡೆಲ್ಫಿಯದಲ್ಲಿ ಒಡೆತನದ ವಿಮೆಯು ಹುಟ್ಟಿಕೊಂಡಿತು. ನಮ್ಮಲ್ಲಿಯೂ ೧೯೦೮ರ ನೋಂದಣಿ ಕಾಯಿದೆಯಂತೆ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗುವುದು ಪತ್ರವೇ. ಖಾತೆಯೆಂಬುದು ಕಂದಾಯ ಕಟ್ಟುವವರು ಯಾರೆಂಬ ಲೆಕ್ಕವೇ. ಇವೆರಡನ್ನೂ ಒಡೆತನದ ಕೊನೆಯ ಮಾತೆಂದು ಭಾವಿಸಿ ಮೋಸಹೋದವರು ಎರಡು ದೇಶಗಳಲ್ಲಿಯೂ ಉಂಟು.

ಬೆಲೆ ಕಟ್ಟುವ ಮೂರು ದಾರಿಗಳು

ಇನ್ನು ಬೆಲೆಯ ಮಾತು. ಇದು 'ಅಸೆಸರ್' ಎಂಬ ಅಧಿಕಾರಿಯ ಕೆಲಸ. ಅವನಿಗೆ ಮೂರು ದಾರಿಗಳಿವೆ. ನೆರೆಯಲ್ಲಿ ಇತ್ತೀಚೆಗೆ ಮಾರಾಟವಾದ, ಇದನ್ನು ಹೋಲುವ ಮನೆಗಳ ಬೆಲೆಯನ್ನು ನೋಡುವುದು ಮೊದಲನೆಯದು. ಇಂಥ ಮನೆಯನ್ನು ಈಗ ಕಟ್ಟಿಸಲು ತಗಲುವ ವೆಚ್ಚದಲ್ಲಿ ಸವೆತವನ್ನು ಕಳೆದು, ನಿವೇಶನದ ಬೆಲೆಯನ್ನು ಕೂಡಿಸುವುದು ಎರಡನೆಯದು. ಕಟ್ಟಡವು ತರುವ ಬಾಡಿಗೆಯಿಂದ ಬೆಲೆಯನ್ನು ಹಿಂದೆಣಿಸುವುದು ಮೂರನೆಯದು. ಅಂಗಡಿ ಮಳಿಗೆಗಳಿಗೆ ಇದು ಒಪ್ಪುತ್ತದೆ.

ಕುಕ್ ಕೌಂಟಿಯಲ್ಲಿ ಸುಮಾರು ೧೮ ಲಕ್ಷ ಆಸ್ತಿಗಳಿವೆ. ಒಂದೊಂದರ ಬಾಗಿಲಿಗೂ ಹೋಗಿ ನೋಡುವುದು ಆಗದ ಮಾತು. ಅಲ್ಲಿ ಸಹಾಯಕ್ಕೆ ಬರುವುದು ಸಂಖ್ಯಾಶಾಸ್ತ್ರ. ಮಾರಾಟವಾದ ಸಾವಿರಾರು ಮನೆಗಳ ವಿಸ್ತೀರ್ಣ, ವಯಸ್ಸು, ಕೋಣೆಗಳ ಸಂಖ್ಯೆ, ಇರುವ ಬೀದಿ, ಬಂದ ಬೆಲೆ ಇವನ್ನೆಲ್ಲ ಗಣಕಯಂತ್ರಕ್ಕೆ ಕೊಟ್ಟರೆ, ಒಂದು ಚದರ ಅಡಿ ಹೆಚ್ಚಿದರೆ ಬೆಲೆ ಎಷ್ಟು ಏರುವುದು, ಒಂದು ವರ್ಷ ಹಳತಾದರೆ ಎಷ್ಟು ಇಳಿಯುವುದು ಎಂಬ ಸೂತ್ರವನ್ನು ಅದು ಹೊರಗೆಡಹುತ್ತದೆ. ಮಾರಾಟವಾಗದ ಮನೆಗಳಿಗೆ ಆ ಸೂತ್ರವನ್ನು ಅನ್ವಯಿಸಿದರಾಯಿತು.

ಬೆಲೆ ಏರಿದರೆ ತೆರಿಗೆಯೂ ಏರುವುದೆಂದು ಜನ ಭಯಪಡುವುದುಂಟು. ಇದು ಅರ್ಧ ನಿಜ. ಒಂದು ಊರಿಗೆ ೧ ಕೋಟಿ ಡಾಲರು ಬೇಕಾಗಿದೆ. ಊರಿನ ಆಸ್ತಿಯ ಒಟ್ಟು ಬೆಲೆ ೫೦ ಕೋಟಿ ಡಾಲರು ಎಂದು ಊಹಿಸೋಣ. ಆಗ ತೆರಿಗೆಯ ದರ ಡಾಲರಿಗೆ ೨೦ 'ಮಿಲ್'; ಮಿಲ್ ಎಂದರೆ ಡಾಲರಿನ ಸಾವಿರದೊಂದು ಅಂಶ. ೨ ಲಕ್ಷದ ಮನೆಗೆ ತೆರಿಗೆ ೪,೦೦೦ ಡಾಲರು. ಮಾರನೆಯ ವರ್ಷ ಎಲ್ಲ ಮನೆಗಳ ಬೆಲೆಯೂ ಇಮ್ಮಡಿಯಾಯಿತು. ಊರಿನ ಅಗತ್ಯ ಮಾತ್ರ ಅಷ್ಟೇ ಇದೆ. ದರವು ೧೦ ಮಿಲ್ಲಿಗೆ ಇಳಿಯುವುದು, ಮನೆಯ ತೆರಿಗೆ ಆ ೪,೦೦೦ ಡಾಲರೇ ಆಗುವುದು. ಮುಖ್ಯವಾದುದು ನಮ್ಮ ಮನೆಯ ಬೆಲೆಯಲ್ಲ. ನೆರೆಯವರ ಮನೆಯೊಡನೆ ಅದಕ್ಕಿರುವ ಪ್ರಮಾಣ.

ಕ್ಯಾಲಿಫೋರ್ನಿಯದ ಜನರು ೧೯೭೮ರಲ್ಲಿ ಮತದಾನ ಮಾಡಿ ಬೇರೊಂದು ದಾರಿ ಹಿಡಿದರು. ಅಲ್ಲಿ ತೆರಿಗೆಗಾಗಿ ಕಟ್ಟಿದ ಬೆಲೆಯು ಮನೆ ಮಾರಾಟವಾಗುವವರೆಗೆ ವರ್ಷಕ್ಕೆ ಶೇಕಡಾ ೨ಕ್ಕಿಂತ ಹೆಚ್ಚು ಏರುವಂತಿಲ್ಲ. ಹಳೆಯ ನಿವಾಸಿಗೆ ನೆಮ್ಮದಿಯಾಯಿತು. ಆದರೆ ಒಂದೇ ಬಗೆಯ ಅಕ್ಕಪಕ್ಕದ ಮನೆಗಳಲ್ಲಿ ನಿನ್ನೆ ಬಂದವನು ಹಲವು ಮಡಿ ಹೆಚ್ಚು ತೆರುವಂತಾಯಿತು.

ಅಳತೆಯನ್ನು ಅಳೆಯುವುದು

ತಕ್ಕಡಿ ಸರಿಯೋ ಎಂದು ಪರೀಕ್ಷಿಸಲು ಮುದ್ರೆಯೊತ್ತಿದ ಬೊಟ್ಟುಗಳಿವೆ. ಅಸೆಸರನ ತಕ್ಕಡಿಗೆ ಬೊಟ್ಟು ಯಾವುದು? ಮಾರಾಟದ ನಿಜವಾದ ಬೆಲೆ. ಕಟ್ಟಿದ ಬೆಲೆಯನ್ನು ಬಂದ ಬೆಲೆಯಿಂದ ಭಾಗಿಸಿದರೆ ಒಂದು ಅನುಪಾತ ಸಿಗುವುದು. ವಿದ್ಯಾರ್ಥಿಗಳು ಕಾಗದ ತೆಗೆದುಕೊಂಡು ಲೆಕ್ಕ ಮಾಡಿ ನೋಡಲಿ. ಐದು ಮನೆಗಳು ೧, ೨, ೩, ೪, ೫ ಲಕ್ಷ ಡಾಲರುಗಳಿಗೆ ಮಾರಾಟವಾದುವು. ಅವಕ್ಕೆ ಕಟ್ಟಿದ್ದ ಬೆಲೆ ಕ್ರಮವಾಗಿ ೧ ಲಕ್ಷ, ೧.೯ ಲಕ್ಷ, ೨.೭ ಲಕ್ಷ, ೩.೪ ಲಕ್ಷ, ೪ ಲಕ್ಷ. ಅನುಪಾತಗಳು ೧.೦೦, ೦.೯೫, ೦.೯೦, ೦.೮೫, ೦.೮೦. ನಡುವಣದು ೦.೯೦. ಅದರಿಂದ ಐದೂ ಅನುಪಾತಗಳು ಸರಾಸರಿ ೦.೦೬ರಷ್ಟು ದೂರ, ಎಂದರೆ ನಡುವಣದರ ಶೇಕಡಾ ೬.೭ರಷ್ಟು ಚದರಿಕೆ. ಮನೆಗಳ ವಿಷಯದಲ್ಲಿ ಇದು ೧೫ನ್ನು ಮೀರಬಾರದೆಂಬುದು ಈ ವೃತ್ತಿಯವರ ಅಂತರರಾಷ್ಟ್ರೀಯ ಸಂಘದ ನಿಯಮ. ಕೆಲಸ ಚೆನ್ನಾಗಿ ನಡೆದಿದೆ ಎನ್ನೋಣವೆ?

ತಾಳಿ. ಅನುಪಾತಗಳ ಸಾದಾ ಸರಾಸರಿ ೦.೯೦. ಕಟ್ಟಿದ ಬೆಲೆಗಳ ಮೊತ್ತ ೧೩ ಲಕ್ಷವನ್ನು ಮಾರಾಟದ ಮೊತ್ತ ೧೫ ಲಕ್ಷದಿಂದ ಭಾಗಿಸಿದರೆ ೦.೮೬೭. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ೧.೦೩೮. ಈ ಅಂಕವು ೦.೯೮ರಿಂದ ೧.೦೩ರ ಒಳಗಿರಬೇಕು. ಅದನ್ನು ಮೀರಿತೆಂದರೆ ಅಗ್ಗದ ಮನೆಗಳಿಗೆ ಹೆಚ್ಚಾಗಿಯೂ ದುಬಾರಿ ಮನೆಗಳಿಗೆ ಕಡಮೆಯಾಗಿಯೂ ಬೆಲೆ ಕಟ್ಟಿದೆಯೆಂದು ಅರ್ಥ. ನಮ್ಮ ಉದಾಹರಣೆಯಲ್ಲಿ ಬಡವನು ತನ್ನ ಮನೆಯ ಒಂದೊಂದು ಡಾಲರಿಗೂ ಸಿರಿವಂತನಿಗಿಂತ ಕಾಲುಪಾಲು ಹೆಚ್ಚು ತೆರುತ್ತಿದ್ದಾನೆ!

ಹೀಗೇಕಾಗುವುದು? ಯಾರೂ ಕೇಡು ಬಗೆಯಬೇಕಾಗಿಲ್ಲ. ಸೂತ್ರಕ್ಕೆ ವಿಸ್ತೀರ್ಣ ಕಾಣುವುದು. ಸೋರುವ ಮಾಡು ಕಾಣದು, ಅಮೃತಶಿಲೆಯ ನೆಲವೂ ಕಾಣದು. ಅದು ಎರಡನ್ನೂ ನಡುವಣ ಬೆಲೆಯ ಕಡೆಗೆ ಎಳೆಯುತ್ತದೆ. ಇದಲ್ಲದೆ, ಕಟ್ಟಿದ ಬೆಲೆ ಹೆಚ್ಚಾಯಿತೆಂದು ವಕೀಲರನ್ನಿಟ್ಟು ಮೇಲ್ಮನವಿ ಸಲ್ಲಿಸುವ ಅನುಕೂಲ ಎಲ್ಲರಿಗೂ ಒಂದೇ ಸಮನಾಗಿ ಇರುವುದಿಲ್ಲ.

ಕುಕ್ ಕೌಂಟಿಯಲ್ಲಿ ಆದುದು ಇದೇ. ಅಲ್ಲಿನ ಬೆಲೆಗಳು ಅಗ್ಗದ ಮನೆಯವರಿಗೆ ಭಾರವಾಗಿಯೂ ದುಬಾರಿ ಮನೆಯವರಿಗೆ ಹಗುರವಾಗಿಯೂ ಇವೆಯೆಂದು ೨೦೧೭ರಲ್ಲಿ 'ಚಿಕಾಗೋ ಟ್ರಿಬ್ಯೂನ್' ಪತ್ರಿಕೆಯು ಲೇಖನಮಾಲೆಯಲ್ಲಿ ತೋರಿಸಿಕೊಟ್ಟಿತು. ಚಿಕಾಗೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಕ್ರಿಸ್ಟೊಫರ್ ಬೆರಿ ಅವರ ಅಧ್ಯಯನವೂ ಇದನ್ನೇ ಕಂಡಿತು. ೨೦೧೮ರ ಚುನಾವಣೆಯಲ್ಲಿ ಜನರು ಹೊಸ ಅಸೆಸರನನ್ನು ಆರಿಸಿದರು. ಆ ಬಳಿಕ ಕಚೇರಿಯು ಬೆಲೆ ಕಟ್ಟುವ ತನ್ನ ಗಣಕಸೂತ್ರಗಳನ್ನೇ ಯಾರು ಬೇಕಾದರೂ ಓದುವಂತೆ ಪ್ರಕಟಿಸಿತು.

ಈ ಲೆಕ್ಕ ಬರಿಯ ಅಂಕಿಗಳ ಆಟವಲ್ಲ. ತೆರಿಗೆ ಬಾಕಿಯಾದರೆ ಮನೆಯೇ ಹೋದೀತು. ಮಿನ್ನೆಸೋಟ ರಾಜ್ಯದ ಹೆನ್ನೆಪಿನ್ ಕೌಂಟಿಯಲ್ಲಿ ವೃದ್ಧೆಯೊಬ್ಬಳು ಬಡ್ಡಿ ದಂಡಗಳು ಸೇರಿ ಸುಮಾರು ೧೫,೦೦೦ ಡಾಲರು ಬಾಕಿ ಉಳಿಸಿಕೊಂಡಿದ್ದಳು. ಕೌಂಟಿಯು ಅವಳ ಮನೆಯನ್ನು ವಶಪಡಿಸಿಕೊಂಡು ೪೦,೦೦೦ ಡಾಲರಿಗೆ ಮಾರಿ, ಮಿಕ್ಕ ೨೫,೦೦೦ವನ್ನೂ ತಾನೇ ಇಟ್ಟುಕೊಂಡಿತು. ೨೦೨೩ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಇದು ಸಲ್ಲದೆಂದು ಒಮ್ಮತದಿಂದ ತೀರ್ಪಿತ್ತಿತು.

ತೆರೆದ ಕಡತ

ಕುಕ್ ಕೌಂಟಿಯ ತಪ್ಪು ಹೊರಬಿದ್ದುದು ಹೇಗೆ? ಕಟ್ಟಿದ ಬೆಲೆಯ ಪಟ್ಟಿಯೂ ಮಾರಾಟದ ದಾಖಲೆಯೂ ಸಾರ್ವಜನಿಕವಾಗಿದ್ದುದರಿಂದ. ಭೌತವಿಜ್ಞಾನಿಯೊಬ್ಬನು ತನ್ನ ಪ್ರಯೋಗದ ಅಂಕಿಗಳನ್ನು ಪ್ರಕಟಿಸಿದರೆ ಇನ್ನೊಬ್ಬನು ಅದನ್ನು ಮತ್ತೆ ಮಾಡಿ ನೋಡಬಲ್ಲನು. ವಿಜ್ಞಾನ ಬೆಳೆಯುವುದು ಹಾಗೆ. ಕಂದಾಯದ ಕಡತಕ್ಕೂ ಅದೇ ನ್ಯಾಯ. ನಮ್ಮ ರಾಜ್ಯದಲ್ಲಿಯೂ ೨೦೦೦ದ ಸುಮಾರಿಗೆ 'ಭೂಮಿ' ಯೋಜನೆಯಡಿ ಸುಮಾರು ೨ ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದುವು. ಅದುವರೆಗೆ ಶಾನುಭೋಗರ, ಗ್ರಾಮ ಲೆಕ್ಕಿಗರ ದಫ್ತರಗಳಲ್ಲಿದ್ದ ಹಾಳೆಯು ರೈತನ ಕೈಗೆ ಎಟುಕುವಂತಾಯಿತು.

ಮುಂದಿನ ಬಾರಿ ಮನೆಗೆ ಕಂದಾಯದ ರಸೀದಿ ಬಂದಾಗ ನಮ್ಮ ವಿದ್ಯಾರ್ಥಿ ಮಿತ್ರರು ಅದನ್ನೊಮ್ಮೆ ಕೈಗೆತ್ತಿಕೊಂಡು ಓದಲಿ. ವಿಸ್ತೀರ್ಣ ಸರಿಯಾಗಿದೆಯೆ? ಮನೆಯ ವಯಸ್ಸು ಸರಿಯಾಗಿದೆಯೆ? ಅದೇ ಬೀದಿಯ ಅಂಥದೇ ಮನೆಗೆ ಎಷ್ಟು ಬಿದ್ದಿದೆ? ಇಷ್ಟನ್ನು ಕೇಳಲು ದೊಡ್ಡ ಗಣಿತವೇನೂ ಬೇಕಿಲ್ಲ. ಒಂದು ಭಾಗಾಕಾರ ಸಾಕು.