ಕಿಡಿಯ ಗಳಿಗೆ

ಹಳೆಯ ಪೆಟ್ರೋಲ್ ಅಂಬಾಸಿಡರ್ ಕಾರಿನ ಬಾನೆಟ್ ಎತ್ತಿದರೆ ಎಂಜಿನ್ನಿನ ಪಕ್ಕದಲ್ಲಿ ಕಪ್ಪು ಟೋಪಿ ಹಾಕಿಕೊಂಡ ಒಂದು ಡಬ್ಬಿ ಕಾಣುತ್ತದೆ. ಅದರ ನೆತ್ತಿಯಿಂದ ಐದು ದಪ್ಪ ವೈರುಗಳು ಹೊರಟಿರುತ್ತವೆ. ಅದೇ ಡಿಸ್ಟ್ರಿಬ್ಯೂಟರ್. ಬುಷ್ ಸವೆದಿದೆ ಎಂದೋ, ಆಯಿಲ್ ಜಿನುಗುತ್ತಿದೆ ಎಂದೋ ಅದನ್ನು ಬಿಚ್ಚುವುದು ಸುಲಭ. ತಿರುಗಿ ಕೂರಿಸಿದ ಮೇಲೆ ಗಾಡಿ ಸ್ಟಾರ್ಟ್ ಆಗದೆ, ಕಾರ್ಬ್ಯುರೇಟರ್ ಬಾಯಿಂದ ‘ಫಟ್’ ಎಂದು ಸದ್ದು ಬಂದಾಗ ಕಷ್ಟ ಶುರು. ಯಾವ ಭಾಗವೂ ಕೆಟ್ಟಿರುವುದಿಲ್ಲ. ಕಿಡಿ ಹಾರಬೇಕಾದ ಗಳಿಗೆ ತಪ್ಪಿರುತ್ತದೆ.

ಈ ಏರ್ಪಾಟಿನ ಬೇರು ಅಮೆರಿಕದ ಒಹಾಯೊ ರಾಜ್ಯದ ಡೇಟನ್ ಊರಿನಲ್ಲಿದೆ. ಚಾರ್ಲ್ಸ್ ಕೆಟರಿಂಗ್ 1909ರಲ್ಲಿ ಅಲ್ಲಿ ಡೆಲ್ಕೊ ಕಂಪನಿ ಕಟ್ಟಿ, ಬ್ಯಾಟರಿ, ಕಾಯಿಲ್, ಪಾಯಿಂಟ್‌ಗಳ ಜೋಡಿಯನ್ನು ಕ್ಯಾಡಿಲಾಕ್ ಕಾರುಗಳಿಗೆ ಒದಗಿಸಿದರು. ಸ್ಪ್ಯಾನಿಷ್ ಭಾಷೆಯಲ್ಲಿ ಇಂದಿಗೂ ಡಿಸ್ಟ್ರಿಬ್ಯೂಟರ್‌ಗೆ ‘ಡೆಲ್ಕೊ’ ಎಂದೇ ಹೆಸರು. ಮಾರಿಸ್ ಆಕ್ಸ್‌ಫರ್ಡ್ ಅಚ್ಚಿನಲ್ಲಿ ಮೂಡಿ, 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ನಡೆದದ್ದೂ ಇದೇ ವಿದ್ಯೆಯ ಮೇಲೆ. ವಿಧಾನಸೌಧದ ಮುಂದೆ ನಿಲ್ಲುತ್ತಿದ್ದ ಬಿಳಿ ಕಾರುಗಳನ್ನು ಕಂಡವರಿಗೆ ಈ ಗಾಡಿಯ ಪರಿಚಯ ಹೇಳಬೇಕಿಲ್ಲ.

ಡಿಸ್ಟ್ರಿಬ್ಯೂಟರ್‌ಗೆ ಎರಡು ಕೆಲಸ. ಒಳಗಿನ ಪಾಯಿಂಟ್ ತೆರೆದ ಕ್ಷಣ ಕಾಯಿಲ್‌ನಲ್ಲಿ 12 ವೋಲ್ಟ್ ಹೋಗಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಅದನ್ನು ನಾಲ್ಕು ಪ್ಲಗ್ಗುಗಳಿಗೆ ಸರದಿಯಂತೆ ಹಂಚುವುದು ರೋಟರ್. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿ ಬೇಕು.

ಆ ಕಿಡಿ ಪಿಸ್ಟನ್ ತುದಿ ಮುಟ್ಟುವ ಮೊದಲೇ ಹಾರಬೇಕು, ಏಕೆಂದರೆ ಪೆಟ್ರೋಲ್ ಹಬೆ ಒಮ್ಮೆಲೇ ಉರಿಯುವುದಿಲ್ಲ. ಸುಮಾರು ಎರಡು ಮಿಲಿಸೆಕೆಂಡ್ ಹಿಡಿಯುತ್ತದೆ ಎಂದುಕೊಳ್ಳಿ. 600 ಸುತ್ತಿನ ಐಡ್ಲಿಂಗಿನಲ್ಲಿ ಅಷ್ಟರೊಳಗೆ ಕ್ರ್ಯಾಂಕ್ ತಿರುಗುವುದು ಏಳು ಡಿಗ್ರಿ. 3000 ಸುತ್ತಿನಲ್ಲಾದರೆ 36 ಡಿಗ್ರಿ! ವೇಗ ಏರಿದಂತೆ ಕಿಡಿಯನ್ನು ಮುಂಚೆ ತರಲು ಡಿಸ್ಟ್ರಿಬ್ಯೂಟರ್ ಹೊಟ್ಟೆಯಲ್ಲಿ ಸ್ಪ್ರಿಂಗಿಗೆ ಕಟ್ಟಿದ ಎರಡು ಪುಟ್ಟ ತೂಕಗಳಿವೆ, ಪಕ್ಕದಲ್ಲಿ ವ್ಯಾಕ್ಯೂಮ್ ಡಬ್ಬಿಯಿದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಬರೀ ಸ್ಪ್ರಿಂಗು, ಗಾಳಿಯ ಸೆಳೆತದಿಂದ ಸಾಧಿಸಿದ ಈ ಲೆಕ್ಕಾಚಾರ ಕೈಕೆಲಸದ ದೊಡ್ಡ ಸಾಧನೆಗಳಲ್ಲೊಂದು.

ಅನುಭವಿ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿಯುವ ಮೊದಲು ಸೀಮೆಸುಣ್ಣ ಹಿಡಿಯುತ್ತಾನೆ. ಕ್ಯಾಪ್ ತೆಗೆದು, ರೋಟರ್ ಮುಖ ಮಾಡಿರುವ ಕಡೆ ಡಿಸ್ಟ್ರಿಬ್ಯೂಟರ್ ಅಂಚಿಗೆ ಒಂದು ಗೀಟು, ಡಬ್ಬಿಯೂ ಬ್ಲಾಕೂ ಸೇರುವಲ್ಲಿ ಇನ್ನೊಂದು ಗೀಟು. ಆಮೇಲೆ ಎಂಜಿನ್ನನ್ನು ಯಾರೂ ತಿರುಗಿಸದಿದ್ದರೆ ಕೂರಿಸುವುದು ಸಲೀಸು.

ಗೀಟು ಹಾಕದೆ ಬಿಚ್ಚಿದ ಗಾಡಿಯಲ್ಲಿ ಎಲ್ಲವನ್ನೂ ಮೊದಲಿನಿಂದ ಹುಡುಕಬೇಕು. ರೇಡಿಯೇಟರ್ ಪಕ್ಕದ ಒಂದನೇ ಸಿಲಿಂಡರ್‌ನ ಪ್ಲಗ್ ತೆಗೆದು, ತೂತಿಗೆ ಹೆಬ್ಬೆರಳು ಒತ್ತಿ ಹಿಡಿಯಬೇಕು. ಇನ್ನೊಬ್ಬರು ಸ್ಟಾರ್ಟಿಂಗ್ ಹ್ಯಾಂಡಲ್ಲನ್ನು ನಿಧಾನವಾಗಿ ತಿರುಗಿಸಿದರೆ, ಒಂದು ಹಂತದಲ್ಲಿ ಒಳಗಿನ ಗಾಳಿ ಬೆರಳನ್ನು ಜೋರಾಗಿ ನೂಕುತ್ತದೆ. ಅದೇ ಕಂಪ್ರೆಷನ್. ಅಲ್ಲಿಂದ ಮುಂದೆ ಕ್ರ್ಯಾಂಕ್ ಪುಲ್ಲಿಯ ಗುರುತು ಟೈಮಿಂಗ್ ಕವರಿನ ಮೊನೆಗಳ ಬಳಿ ಬರುವವರೆಗೆ ತಿರುಗಿಸಿ, ಆ ಎಂಜಿನ್ನಿನ ಪುಸ್ತಕ ಹೇಳಿದ ಡಿಗ್ರಿಗೆ ನಿಲ್ಲಿಸಬೇಕು.

ಗುರುತನ್ನೇ ನಂಬಿ ಬೆರಳನ್ನು ಮರೆತವರು ಮೋಸ ಹೋಗುವುದು ಇಲ್ಲಿ. ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಡಿಸ್ಟ್ರಿಬ್ಯೂಟರ್ ಒಂದೇ ಸುತ್ತು ಹಾಕುತ್ತದೆ. ಹಾಗಾಗಿ ಗುರುತು ಎರಡು ಸಲ ಬರುತ್ತದೆ. ಒಂದು ಸಲ ಒಂದನೇ ಸಿಲಿಂಡರ್‌ಗೆ, ಇನ್ನೊಂದು ಸಲ ಅದರ ಜೊತೆಯಲ್ಲೇ ಏರಿಳಿಯುವ ನಾಲ್ಕನೆಯದಕ್ಕೆ. ಈ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ಬುಡದ ಕಚ್ಚು ನಡುಮಧ್ಯದಲ್ಲಿಲ್ಲ, ಒಂದು ಬದಿಗೆ ಸರಿದಿದೆ. ಅದರಿಂದಾಗಿ ಅದು ಉಲ್ಟಾ ಕೂರುವುದಿಲ್ಲ. ಆದರೆ ಒಳಗಿನ ಹಲ್ಲಿನ ಶಾಫ್ಟನ್ನೂ ಎಳೆದು ತೆಗೆದಿದ್ದರೆ ಆ ಕಾವಲು ತಪ್ಪಿತು. ಹಲ್ಲುಗಳು ಓರೆಯಾಗಿರುವುದರಿಂದ ಶಾಫ್ಟ್ ಒಳಗಿಳಿಯುತ್ತಲೇ ತಿರುಗುತ್ತದೆ. ಆ ತಿರುವನ್ನು ಅಂದಾಜು ಮಾಡಿ ಸ್ವಲ್ಪ ಮೊದಲಿಂದಲೇ ಹಿಡಿಯಬೇಕು; ಒಂದೆರಡು ಸಲ ತಪ್ಪಿದರೂ ತಾಳ್ಮೆಯಿಂದ ಮತ್ತೆ ಇಳಿಸಬೇಕು.

ರೋಟರ್ ನೋಡುತ್ತಿರುವ ಕ್ಯಾಪಿನ ಮೊಳೆಗೆ ಒಂದನೇ ವೈರು. ರೋಟರ್ ಇಲ್ಲಿ ಎಡಕ್ಕೆ ಸುತ್ತುತ್ತದೆ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧ. ಆ ಕಡೆಯಿಂದಲೇ 1-3-4-2ರ ಸರದಿ.

ಟೈಮಿಂಗಿಗೆ ಕೈ ಹಾಕುವ ಮೊದಲು ಫೀಲರ್ ಗೇಜ್‌ನಿಂದ ಪಾಯಿಂಟ್ ಗ್ಯಾಪ್ ನೋಡಬೇಕು. ಸುಮಾರು 0.4 ಮಿಲಿಮೀಟರ್, ಅಂಚೆ ಕಾರ್ಡಿನ ದಪ್ಪಕ್ಕಿಂತ ತುಸು ಹೆಚ್ಚು. ಗ್ಯಾಪ್ ಬದಲಾದರೆ ಟೈಮಿಂಗ್ ಕೂಡ ಬದಲಾಗುತ್ತದೆ, ಆದ್ದರಿಂದ ಈ ಕ್ರಮ ಹಿಂದುಮುಂದಾಗಬಾರದು. ನಂತರ ಒಂದು 12 ವೋಲ್ಟ್ ಬಲ್ಬಿನ ಒಂದು ವೈರನ್ನು ಕಾಯಿಲ್‌ನಿಂದ ಪಾಯಿಂಟಿಗೆ ಬರುವ ತುದಿಗೆ, ಇನ್ನೊಂದನ್ನು ಬಾಡಿಗೆ ಕೊಟ್ಟು ಇಗ್ನಿಷನ್ ಆನ್ ಮಾಡಬೇಕು. ಪಾಯಿಂಟ್ ಮುಚ್ಚಿದ್ದರೆ ಬಲ್ಬು ಆರಿರುತ್ತದೆ. ಡಿಸ್ಟ್ರಿಬ್ಯೂಟರನ್ನು ಮೊದಲು ರೋಟರ್ ಸುತ್ತುವ ಕಡೆಗೇ ಹೊರಳಿಸಿ ಬಲ್ಬು ಆರಿಸಿಕೊಂಡು, ಆಮೇಲೆ ಎದುರು ದಿಕ್ಕಿಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತರಬೇಕು. ಬಲ್ಬು ಮಿನುಗಿದ ಆ ಬಿಂದುವೇ ಕಿಡಿಯ ಗಳಿಗೆ. ಅಲ್ಲೇ ಬೋಲ್ಟ್ ಬಿಗಿ.

ಸ್ಟ್ರೋಬ್ ದೀಪವಿದ್ದರೆ ವ್ಯಾಕ್ಯೂಮ್ ಪೈಪ್ ಕಳಚಿ, ಓಡುವ ಎಂಜಿನ್ನಿನಲ್ಲೇ ಗುರುತು ಸ್ಥಿರವಾಗಿ ನಿಂತಂತೆ ಕಾಣುವುದನ್ನು ನೋಡಿ ಖಚಿತ ಮಾಡಿಕೊಳ್ಳಬಹುದು.

ಕಿಡಿ ತಡವಾದರೆ ಪಿಕಪ್ ಇರುವುದಿಲ್ಲ, ಎಂಜಿನ್ ಬೇಗ ಕಾಯುತ್ತದೆ, ಪೆಟ್ರೋಲ್ ಸುಮ್ಮನೆ ಸುಡುತ್ತದೆ. ತೀರ ಬೇಗನಾದರೆ ಅಪಾಯ. ಹ್ಯಾಂಡಲ್ ಹೊಡೆಯುವಾಗ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಹಳಬರು ಹೆಬ್ಬೆರಳನ್ನು ಹ್ಯಾಂಡಲ್ಲಿಗೆ ಸುತ್ತದೆ, ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳುತ್ತಿದ್ದುದು ಇದಕ್ಕೇ. ಆ ಒದೆತಕ್ಕೆ ಮಣಿಕಟ್ಟು ಮುರಿಯಬಲ್ಲದು.

ಕೊನೆಯ ಪರೀಕ್ಷೆ ರಸ್ತೆಯಲ್ಲಿ. ಎಂಜಿನ್ ಬಿಸಿಯಾದ ಮೇಲೆ ಟಾಪ್ ಗೇರಿನಲ್ಲಿ ಏರು ಹತ್ತಿಸುತ್ತ ಆಕ್ಸಿಲರೇಟರ್ ಒತ್ತಿ, ಕಿವಿಗೊಟ್ಟು ಕೇಳಬೇಕು. ಗಾಜಿನ ಲೋಟದಲ್ಲಿ ಗೋಲಿ ಕುಲುಕಿದಂತೆ ನಾಕಿಂಗ್ ಕೇಳುತ್ತಲೇ ಇದ್ದರೆ ಕಿಡಿಯನ್ನು ತುಸು ಹಿಂದಕ್ಕೆ ತರಬೇಕು. ಹಲವು ಲೂಕಾಸ್ ಡಿಸ್ಟ್ರಿಬ್ಯೂಟರ್‌ಗಳಲ್ಲಿ ಅದಕ್ಕೆಂದೇ ಪಕ್ಕದಲ್ಲಿ ಒಂದು ಪುಟ್ಟ ತಿರುಪಿದೆ. ‘ಆರ್’ ಅಕ್ಷರದ ಕಡೆಗೆ ಬೆರಳಿನಿಂದ ನಾಲ್ಕು ಕ್ಲಿಕ್ ತಿರುಗಿಸಿ, ಅದೇ ಏರನ್ನು ಮತ್ತೊಮ್ಮೆ ಹತ್ತಿಸಿ ನೋಡುವುದು.