ಕನ್ನಡಿಯೊಳಗಿನ ಟೀ-ಶರ್ಟು



ರಾಜ್ಯೋತ್ಸವಕ್ಕೆ ಇನ್ನೂ ಎರಡು ತಿಂಗಳಿದೆ ಅನ್ನುವಾಗಲೇ ಅಮೆರಿಕದ ನಮ್ಮಂಥ ಸಂಘಗಳಲ್ಲಿ ಮೂರು ವಿಷಯಗಳ ಚರ್ಚೆ ಶುರುವಾಗುತ್ತದೆ: ಹಾಲ್ ಯಾವುದು, ಊಟಕ್ಕೆ ಬಿಸಿಬೇಳೆಬಾತೋ ಪುಳಿಯೋಗರೆಯೋ, ಈ ವರ್ಷದ ಟೀ-ಶರ್ಟ್ ಹೇಗಿರಬೇಕು. ಮೊದಲೆರಡಕ್ಕೆ ನಮ್ಮಲ್ಲಿ ಪರಿಣತರು ಬೇಕಾದಷ್ಟು ಜನ ಇದ್ದಾರೆ. ಮೂರನೆಯದು ಮಾತ್ರ "ನೀವು ಸಾಫ್ಟ್‌ವೇರಿನವರಲ್ವಾ, ನೀವೇ ಮಾಡಿಬಿಡಿ" ಎಂದು ನನ್ನಂಥವರ ತಲೆಗೆ ಬರುತ್ತದೆ. ಡೇಟಾಬೇಸ್ ನೋಡಿಕೊಳ್ಳುವವನಿಗೂ ಡಿಸೈನಿಗೂ ಏನು ಸಂಬಂಧ ಅಂತ ಕೇಳಿದರೆ ಯಾರೂ ಒಪ್ಪುವುದಿಲ್ಲ ಬಿಡಿ!

ಹೀಗೆ ತಲೆಗೆ ಬಂದ ಕೆಲಸವನ್ನು ಕೆಲವು ವರ್ಷ ಮಾಡಿದ ಮೇಲೆ ಒಂದು ವಿಷಯ ಸ್ಪಷ್ಟವಾಗಿದೆ. ಜನ ದುಡ್ಡು ಕೊಡುವುದು ಟೀ-ಶರ್ಟ್ ನೋಡಿ ಅಲ್ಲ, ಅದರ ಚಿತ್ರ ನೋಡಿ. ಬಟ್ಟೆ ಇನ್ನೂ ಅಚ್ಚಿಗೇ ಹೋಗಿರುವುದಿಲ್ಲ. ಇ-ಮೇಲಿನಲ್ಲಿ ಬಂದ ಒಂದು ಚಿತ್ರ ನೋಡಿ "ನಮ್ಮ ಮನೆಗೆ ನಾಲ್ಕು" ಎಂದು ಬರೆದು ಹಣ ಕಳಿಸುತ್ತಾರೆ. ಆ ಚಿತ್ರಕ್ಕೆ ಮಾಕಪ್ ಎನ್ನುತ್ತಾರೆ. ಅದು ಚೆನ್ನಾಗಿದ್ದರೆ ಸಾಲದು, ನಿಜವಾಗಿಯೂ ಇರಬೇಕು. ಇಲ್ಲವಾದರೆ ಕನ್ನಡಿಯೊಳಗಿನ ಗಂಟಿನಂತೆ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ನಿಜವಾದ ಮಾಕಪ್ ಮಾಡುವುದು ಹೇಗೆ ಎಂದು ಹಂತಹಂತವಾಗಿ ಬರೆಯುತ್ತಿದ್ದೇನೆ. ಫೋಟೋಶಾಪ್ ಇದ್ದರೆ ಸರಿ. ಇಲ್ಲದವರಿಗೆ ಪುಕ್ಕಟೆ ಸಿಗುವ ಗಿಂಪ್ ಇದೆ.

ಮೊದಲು ಒಂದು ಒಳ್ಳೆಯ ಫೋಟೋ

ಇಂಟರ್ನೆಟ್ಟಿನಲ್ಲಿ ರೆಡಿಮೇಡ್ ಮಾಕಪ್‌ಗಳು ರಾಶಿ ರಾಶಿ ಸಿಗುತ್ತವೆ. ಆದರೆ ಆ ಶರ್ಟಿನ ಅಳತೆ ಎಷ್ಟು, ಬಟ್ಟೆ ಯಾವುದು ಎಂಬುದು ನಮಗೆ ಗೊತ್ತಿರುವುದಿಲ್ಲ. ಅಚ್ಚು ಹಾಕಿಸಬೇಕೆಂದಿರುವ ಶರ್ಟನ್ನೇ ಒಂದು ತರಿಸಿ, ಮನೆಯವರೊಬ್ಬರಿಗೆ ಹಾಕಿಸಿ ಫೋಟೋ ತೆಗೆಯುವುದು ಉತ್ತಮ. ಕಿಟಕಿಯ ಬೆಳಕು ಒಂದು ಪಕ್ಕದಿಂದ ಬೀಳಲಿ. ಫ್ಲಾಶ್ ಬೇಡ, ಅದು ಬಟ್ಟೆಯ ಮಡಿಕೆಗಳನ್ನೆಲ್ಲ ಅಳಿಸಿಹಾಕುತ್ತದೆ. ನಮಗೆ ಬೇಕಾಗಿರುವುದೇ ಆ ಮಡಿಕೆ, ಆ ನೆರಳು. ಕ್ಯಾಮೆರಾ ಎದೆಯ ಎತ್ತರಕ್ಕೆ ನೇರವಾಗಿರಲಿ.

ಅಳತೆ: ಒಂದು ಸಣ್ಣ ಲೆಕ್ಕ

ಅರ್ಧ ಮೋಸ ಆಗುವುದು ಇಲ್ಲೇ. ಚಿತ್ರದಲ್ಲಿ ಎದೆತುಂಬ ಕಾಣುವ ಅಕ್ಷರ, ಬಟ್ಟೆಯ ಮೇಲೆ ಜೇಬಿನಷ್ಟಾಗಿ ಬರುತ್ತದೆ. ಇದನ್ನು ತಪ್ಪಿಸಲು ಮೂರನೆಯ ಕ್ಲಾಸಿನ ಗಣಿತ ಸಾಕು. ಅಮೆರಿಕದ ಸಾಮಾನ್ಯ ಲಾರ್ಜ್ ಶರ್ಟನ್ನು ಮೇಜಿನ ಮೇಲೆ ಹಾಸಿದರೆ ಕಂಕುಳಿಂದ ಕಂಕುಳಿಗೆ ಸುಮಾರು 22 ಇಂಚು. ಹಾಸಿದ ಶರ್ಟಿನ ಫೋಟೋದಲ್ಲಿ ಅದೇ ಅಗಲ 1100 ಪಿಕ್ಸೆಲ್ ಇದ್ದರೆ, ಒಂದು ಇಂಚಿಗೆ 50 ಪಿಕ್ಸೆಲ್ ಆಯಿತು. 11 ಇಂಚಿನ ಡಿಸೈನ್ ಚಿತ್ರದಲ್ಲಿ 550 ಪಿಕ್ಸೆಲ್ ಇರಬೇಕು, ಅದಕ್ಕಿಂತ ಒಂದು ಕೂದಲೂ ಹೆಚ್ಚಿಲ್ಲ. ಶರ್ಟನ್ನು ಯಾರಾದರೂ ಹಾಕಿಕೊಂಡಿದ್ದರೆ ಅಂಚುಗಳು ಮೈ ಸುತ್ತಿ ಹಿಂದಕ್ಕೆ ಹೋಗುತ್ತವೆ. ಆಗ ಎದೆಯ ಮೇಲೆ 10 ಇಂಚಿನ ಕಾಗದದ ಪಟ್ಟಿಯೊಂದನ್ನು ಅಂಟಿಸಿ ಇನ್ನೊಂದು ಫೋಟೋ ತೆಗೆದಿಟ್ಟುಕೊಂಡರೆ ಲೆಕ್ಕ ಸಿಗುತ್ತದೆ.

ಮಕ್ಕಳ ಶರ್ಟಿಗೆ ಬೇರೆ ಮಾಕಪ್ ಮಾಡಿ. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಒಂದೇ ಸ್ಕ್ರೀನಿನಿಂದ ಎಲ್ಲ ಸೈಜಿಗೂ ಒತ್ತುವುದುಂಟು. ಲಾರ್ಜ್ ಶರ್ಟಿನ ಮೇಲೆ ಲಕ್ಷಣವಾಗಿ ಕೂತ 12 ಇಂಚಿನ ಡಿಸೈನ್, ಸುಮಾರು 16 ಇಂಚು ಅಗಲದ ಮಕ್ಕಳ ಶರ್ಟಿನಲ್ಲಿ ಒಂದು ಕಂಕುಳಿಂದ ಇನ್ನೊಂದಕ್ಕೆ ಹರಡಿಕೊಳ್ಳುತ್ತದೆ. ಊರಿನಿಂದ ಬರುವವರ ಸೂಟ್‌ಕೇಸಿನಲ್ಲಿ ಶರ್ಟ್ ತರಿಸುವ ಸಂಘಗಳೂ ಇವೆ. ಅವರು ಟೇಪ್ ಹಿಡಿದು ಅಳೆಯಲೇಬೇಕು, ಏಕೆಂದರೆ ಅಲ್ಲಿನ ಲಾರ್ಜೇ ಬೇರೆ, ಇಲ್ಲಿನ ಲಾರ್ಜೇ ಬೇರೆ.

ಒತ್ತಕ್ಷರದ ಗಂಡಾಂತರ

ಇಂಗ್ಲಿಷ್ ಡಿಸೈನ್ ಮಾಡುವವರಿಗೆ ಇಲ್ಲದ ಒಂದು ತಲೆನೋವು ನಮಗಿದೆ. ಯೂನಿಕೋಡಿನಲ್ಲಿ "ತ್ಸ" ಎಂಬುದು ಒಂದು ಅಕ್ಷರವಲ್ಲ, ಮೂರು ಸಂಕೇತಗಳು: ತ, ಹಲಂತದ ಗುರುತು, ಸ. ಇವನ್ನು ಒಂದುಗೂಡಿಸಿ ಸಕಾರವನ್ನು ಒತ್ತಾಗಿ ಕೆಳಗೆ ಕೂರಿಸುವುದು ಸಾಫ್ಟ್‌ವೇರಿನ ಕೆಲಸ. ಆ ಕೆಲಸ ಗೊತ್ತಿಲ್ಲದ ಸಾಫ್ಟ್‌ವೇರಿನಲ್ಲಿ ರಾಜ್ಯೋತ್ಸವ ಹೋಗಿ "ರಾಜ್‌ಯೋತ್‌ಸವ" ಆಗುತ್ತದೆ. ಫೋಟೋಶಾಪಿನಲ್ಲಿ ಹೀಗಾದರೆ ಟೈಪ್ ಪ್ರಿಫರೆನ್ಸಸ್‌ಗೆ ಹೋಗಿ ವರ್ಲ್ಡ್-ರೆಡಿ ಲೇಔಟ್ ಆರಿಸಿ; ಹಳೆಯ ಆವೃತ್ತಿಗಳಲ್ಲಿ ಅದರ ಹೆಸರು ಮಿಡ್ಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್ ಎಂದಿರುತ್ತದೆ. ಗಿಂಪ್ ಕನ್ನಡವನ್ನು ಯಾವ ಸೆಟ್ಟಿಂಗೂ ಬದಲಿಸದೆ ಸರಿಯಾಗಿ ಜೋಡಿಸುತ್ತದೆ. ಫಾಂಟಿಗೆ ನೋಟೋ ಸಾನ್ಸ್ ಕನ್ನಡ ಅಥವಾ ದುಂಡು ದುಂಡಾದ ಬಾಲೂ ತಮ್ಮ ತೆಗೆದುಕೊಳ್ಳಬಹುದು. ಎರಡೂ ಮುಕ್ತ ಪರವಾನಗಿಯ ಫಾಂಟುಗಳು, ಅಚ್ಚು ಹಾಕಿಸಲು ಅಡ್ಡಿಯಿಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿಟ್ಟ ಫೈಲುಗಳಿದ್ದರೆ ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬೇರೆ ಊರಿನ ಸಂಘವೊಂದರಲ್ಲಿ ನಡೆದದ್ದನ್ನು ಅಲ್ಲಿ ಭಾನುವಾರದ ಕನ್ನಡ ಕ್ಲಾಸು ನಡೆಸುವ ಸ್ನೇಹಿತೆ ಹೇಳಿದರು. ಮಾಕಪ್ಪಿನಲ್ಲಿ ಕನ್ನಡ ಸರಿಯಾಗಿಯೇ ಇತ್ತಂತೆ. ಪ್ರೆಸ್ಸಿನವರು ಫೈಲನ್ನು ತಮ್ಮ ಸಾಫ್ಟ್‌ವೇರಿನಲ್ಲಿ ತೆರೆದಾಗ ಒತ್ತುಗಳೆಲ್ಲ ಬಿಚ್ಚಿಕೊಂಡವು. ಕನ್ನಡ ಬಾರದ ಅವರಿಗೆ ಅದು ತಪ್ಪೆಂದು ತಿಳಿಯುವುದಾದರೂ ಹೇಗೆ? ಶರ್ಟುಗಳು ಬಂದವು, ಹಂಚಿದ್ದೂ ಆಯಿತು. ಕ್ಲಾಸಿನಲ್ಲಿ ಆಗಷ್ಟೇ ಒತ್ತಕ್ಷರ ಕಲಿತಿದ್ದ ಹುಡುಗಿಯೊಬ್ಬಳು ಪಕ್ಕದವನ ಎದೆಯ ಮೇಲಿನ ಅಕ್ಷರಕ್ಕೆ ಬೆರಳಿಟ್ಟು "ಆಂಟಿ, ಒತ್ತು ಎಲ್ಲಿ ಹೋಯ್ತು?" ಎಂದು ಕೇಳಿದಳಂತೆ. ಊರಿನಲ್ಲಾದರೆ ಮಕ್ಕಳು ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು ಓದಿ ಓದಿಯೇ ಅಕ್ಷರ ಗಟ್ಟಿಮಾಡಿಕೊಳ್ಳುತ್ತಾರೆ. ಇಲ್ಲಿ ನಮ್ಮ ಮಕ್ಕಳ ಕಣ್ಣಿಗೆ ಬೀಳುವ ಕನ್ನಡದ ಬೋರ್ಡು ಎಂದರೆ ಈ ಟೀ-ಶರ್ಟೇ. ಅದರಲ್ಲೇ ತಪ್ಪಿದ್ದರೆ ಕಲಿಸಿದವರ ಮಾತನ್ನು ನಂಬಬೇಕೋ, ಶರ್ಟನ್ನು ನಂಬಬೇಕೋ ಅವರಿಗೆ ತಿಳಿಯದು.

ಬಟ್ಟೆಯ ಮಡಿಕೆಗೆ ಅಕ್ಷರ ಬಾಗಿಸುವುದು

ಈಗ ನಿಜವಾದ ಜಾದೂ. ಫೋಟೋದ ಮೇಲೆ ಡಿಸೈನನ್ನು ಸುಮ್ಮನೆ ಇಟ್ಟರೆ ಸ್ಟಿಕರ್ ಅಂಟಿಸಿದಂತೆ ಕಾಣುತ್ತದೆ. ಬಟ್ಟೆ ಮಡಿಚಿದಲ್ಲಿ ಅಕ್ಷರವೂ ಬಾಗಬೇಕು. ಅದಕ್ಕೆ ಡಿಸ್‌ಪ್ಲೇಸ್ ಎಂಬ ಫಿಲ್ಟರ್ ಇದೆ.

ಫೋಟೋದ ಒಂದು ಪ್ರತಿಯನ್ನು ಕಪ್ಪು-ಬಿಳುಪು ಮಾಡಿ. ಗಾಸಿಯನ್ ಬ್ಲರ್‌ನಿಂದ ಸ್ವಲ್ಪ ಮಸುಕು ಮಾಡಿ. ಇಲ್ಲದಿದ್ದರೆ ಬಟ್ಟೆಯ ನೂಲಿನ ಒಂದೊಂದು ಎಳೆಗೂ ಅಕ್ಷರದ ಅಂಚು ನಡುಗುತ್ತದೆ. ಇದನ್ನು ಬೇರೆ ಪಿಎಸ್‌ಡಿ ಫೈಲಾಗಿ ಉಳಿಸಿ. ಇದೇ ನಮ್ಮ ನಕ್ಷೆ. ಇನ್ನು ಮೂಲ ಫೈಲಿಗೆ ಬಂದು, ಡಿಸೈನ್ ಲೇಯರಿನ ಒಂದು ಪ್ರತಿಯ ಮೇಲೆ ಫಿಲ್ಟರ್ ಮೆನುವಿನ ಡಿಸ್ಟಾರ್ಟ್, ಅದರೊಳಗಿನ ಡಿಸ್‌ಪ್ಲೇಸ್ ಆರಿಸಿ, ಅಳತೆ 5 ಅಥವಾ 10 ಕೊಟ್ಟು ಆ ನಕ್ಷೆಯನ್ನು ತೋರಿಸಿ. ಗಿಂಪಿನಲ್ಲಿ ಇದೇ ಫಿಲ್ಟರ್ ಮ್ಯಾಪ್ ಎಂಬ ಪಟ್ಟಿಯೊಳಗಿದೆ. ಅಲ್ಲಿ ನಕ್ಷೆಯನ್ನು ಇನ್ನೊಂದು ಲೇಯರಾಗಿ ಇಟ್ಟುಕೊಂಡರೆ ಸಾಕು.

ಒಳಗೆ ನಡೆಯುವುದು ಸರಳ. ಬೂದು ಬಣ್ಣದ ಬೆಲೆ 0ಯಿಂದ 255ರವರೆಗೆ ಇರುತ್ತದಲ್ಲ, ನಕ್ಷೆಯಲ್ಲಿ 128 ಇರುವ ಕಡೆ ಅಕ್ಷರ ಅಲುಗಾಡುವುದಿಲ್ಲ. ಅದಕ್ಕಿಂತ ಕಪ್ಪಾದರೆ ಒಂದು ದಿಕ್ಕಿಗೆ, ಬೆಳ್ಳಗಾದರೆ ಎದುರು ದಿಕ್ಕಿಗೆ ಸರಿಯುತ್ತದೆ. ಬಿಳಿ ಶರ್ಟಿನ ಫೋಟೋದಲ್ಲಿ ಎಲ್ಲವೂ 200ರ ಮೇಲೆಯೇ ಇರುವುದರಿಂದ ಇಡೀ ಡಿಸೈನೇ ಪಕ್ಕಕ್ಕೆ ಸರಿದುಬಿಡುವುದುಂಟು. ನಕ್ಷೆಯಲ್ಲಿ ಮಡಿಕೆ ಇಲ್ಲದ ಜಾಗ ಸುಮಾರು 128ಕ್ಕೆ ಬರುವಂತೆ ಲೆವೆಲ್ಸ್ ಹೊಂದಿಸಿಕೊಂಡರೆ ಆ ಕಾಟ ತಪ್ಪುತ್ತದೆ. ಮಡಿಕೆ ಎಷ್ಟಿದೆಯೋ ಅಷ್ಟೇ ಬಾಗಿಸಿ. ಅತಿಯಾದರೆ ಅಕ್ಷರ ನೀರಿನಲ್ಲಿ ಬಿದ್ದಂತೆ ಕಾಣುತ್ತದೆ.

ನೆರಳು, ಮತ್ತು ಅರಿಶಿನ ಕುಂಕುಮ

ಇನ್ನು ಅಕ್ಷರದ ಮೇಲೆ ಬಟ್ಟೆಯ ನೆರಳು ಬೀಳಬೇಕು. ಬಿಳಿ ಶರ್ಟಾದರೆ ಡಿಸೈನ್ ಲೇಯರನ್ನು ಮಲ್ಟಿಪ್ಲೈ ಮೋಡಿಗೆ ಹಾಕಿದರೆ ಮುಗಿಯಿತು. ಎರಡು ಬಣ್ಣದ ಗಾಜುಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದಂತೆ ಅದು. ಕೆಳಗಿನ ನೆರಳು ಮೇಲಿನ ಬಣ್ಣದೊಳಗೆ ತಾನೇ ಬೆರೆಯುತ್ತದೆ.

ಆದರೆ ನಾವು ಕನ್ನಡಿಗರು ಕೇಳುವುದು ಹಳದಿ-ಕೆಂಪು. ಕೆಂಪು ಶರ್ಟಿನ ಮೇಲೆ ಹಳದಿ ಅಕ್ಷರವನ್ನು ಮಲ್ಟಿಪ್ಲೈ ಮಾಡಿ ನೋಡಿ, ಅಕ್ಷರ ಮಾಯ! ಲೆಕ್ಕವೇ ಹಾಗಿದೆ. ಶರ್ಟಿನ ಕೆಂಪು 200, 20, 30. ಹಳದಿ 255, 210, 0. ಇವನ್ನು ಗುಣಿಸಿ 255ರಿಂದ ಭಾಗಿಸಿದರೆ ಸಿಗುವುದು 200, 16, 0, ಅಂದರೆ ಮತ್ತೆ ಕೆಂಪೇ. ಬಟ್ಟೆಯ ಮೇಲೂ ಇದರದೇ ಒಂದು ರೂಪ ನಡೆಯುತ್ತದೆ. ಗಾಢ ಬಣ್ಣದ ಬಟ್ಟೆಗೆ ಹಳದಿ ಇಂಕನ್ನು ನೇರವಾಗಿ ಹಾಕಿದರೆ ಕೆಳಗಿನ ಬಣ್ಣ ಇಣುಕಿ ಹಳದಿ ಮಂಕಾಗುತ್ತದೆ. ಅದಕ್ಕೇ ಪ್ರೆಸ್ಸಿನವರು ಮೊದಲು ಬಿಳಿ ಇಂಕಿನ ಪದರ ಹಾಕಿ ಅದರ ಮೇಲೆ ಹಳದಿ ಒತ್ತುತ್ತಾರೆ. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್ ಬೇಕು, ಈ ಬಿಳಿಗೂ ಒಂದು. ಖರ್ಚಿನ ಲೆಕ್ಕ ಕೇಳುವಾಗಲೇ ಅದನ್ನು ಸೇರಿಸಿ ಕೇಳಿ.

ಮಾಕಪ್ಪಿನಲ್ಲೂ ಇದನ್ನೇ ಅನುಸರಿಸಬೇಕು. ಡಿಸೈನ್ ನಾರ್ಮಲ್ ಮೋಡಿನಲ್ಲೇ ಇರಲಿ. ಕಪ್ಪು-ಬಿಳುಪು ಫೋಟೋವನ್ನು ಅದರ ಮೇಲಿಟ್ಟು, ಡಿಸೈನಿನ ಆಕಾರಕ್ಕೆ ಕ್ಲಿಪ್ ಮಾಡಿ, ಮಲ್ಟಿಪ್ಲೈ ಕೊಡಿ. ಕೆಂಪು ಶರ್ಟು ಕಪ್ಪು-ಬಿಳುಪಿನಲ್ಲಿ ಗಾಢವಾಗಿಯೇ ಬರುವುದರಿಂದ ಮೊದಲು ಲೆವೆಲ್ಸ್‌ನಿಂದ ಅದನ್ನು ತಿಳಿಗೊಳಿಸಿ, ನೆರಳು ಮಾತ್ರ ಉಳಿಯುವಂತೆ ಮಾಡಿ. ಕಪ್ಪು ಶರ್ಟಿಗೆ ಕಪ್ಪು ಶರ್ಟಿನದೇ ಫೋಟೋ ತೆಗೆಯಿರಿ. ಕಪ್ಪು ಬಟ್ಟೆಯಲ್ಲಿ ಮಡಿಕೆ ತೋರುವುದು ನೆರಳಿನಿಂದಲ್ಲ, ಹೊಳಪಿನಿಂದ. ಆ ಹೊಳಪನ್ನು ಸ್ಕ್ರೀನ್ ಮೋಡಿನಲ್ಲಿ ಮೇಲೆ ತರಬೇಕು.

ಒಂದು ಮಾತು ನೆನಪಿರಲಿ. ಮಾನಿಟರ್ ಬೆಳಕು ಸೂಸುತ್ತದೆ, ಬಟ್ಟೆ ಸೂಸುವುದಿಲ್ಲ. ತೆರೆಯ ಮೇಲೆ ದೀಪದಂತೆ ಹೊಳೆಯುವ ಹಳದಿ ಇಂಕಿನಲ್ಲಿ ಬರುವುದಿಲ್ಲ. ಪ್ರೆಸ್ಸಿನವರ ಬಣ್ಣದ ಪಟ್ಟಿ ನೋಡಿ ಅದಕ್ಕೆ ಹತ್ತಿರದ ಬಣ್ಣವನ್ನೇ ಮಾಕಪ್ಪಿಗೆ ಕೊಡಿ. ಸ್ವಲ್ಪ ಸಪ್ಪೆಯಾಗಿ ಕಂಡರೂ ಪರವಾಗಿಲ್ಲ. ಚಿನ್ನದ ಮಿಂಚನ್ನು ಚಿತ್ರದಲ್ಲಿ ತೋರಿಸಿ ಸಾಸಿವೆ ಬಣ್ಣ ಹಂಚಿದರೆ ಮುಂದಿನ ವರ್ಷ ಯಾರೂ ನಂಬುವುದಿಲ್ಲ.

ಈಗ ಎಐ ಇದೆಯಲ್ಲ, ಇಷ್ಟೆಲ್ಲ ಏಕೆ ಎಂದು ಕೆಲವರು ಕೇಳುತ್ತಾರೆ. ಒಂದು ಸಾಲು ಬರೆದರೆ ಶರ್ಟು ಹಾಕಿಕೊಂಡ ಮನುಷ್ಯನ ಚಿತ್ರವೇ ಬರುತ್ತದೆ, ನಿಜ. ಆದರೆ ಅದು ಅಕ್ಷರವನ್ನು ಫಾಂಟಿನಿಂದ ಜೋಡಿಸುವುದಿಲ್ಲ, ಚಿತ್ರದಂತೆ ಬರೆಯುತ್ತದೆ. ದೂರದಿಂದ ಕನ್ನಡದಂತೆಯೇ ಕಂಡು ಹತ್ತಿರ ಹೋದರೆ ಯಾವ ವರ್ಣಮಾಲೆಗೂ ಸೇರದ ಅಕ್ಷರಗಳು ಬರಬಹುದು. ನಾವು ಕೊಟ್ಟ ಇಂಚಿನ ಲೆಕ್ಕವನ್ನು ಅದು ಪಾಲಿಸಿದೆಯೆಂಬ ಭರವಸೆಯೂ ಇಲ್ಲ. ಶರ್ಟಿನ ಹಿನ್ನೆಲೆಗೆ ಬೇಕಾದರೆ ಬಳಸಿ, ಅಕ್ಷರ ಮಾತ್ರ ನೀವೇ ಟೈಪಿಸಿ.

ಅಚ್ಚಿಗೆ ಕಳಿಸುವ ಮುನ್ನ

ಮಾಕಪ್ ಬೇರೆ, ಅಚ್ಚಿನ ಫೈಲು ಬೇರೆ. ಬಾಗಿಸಿದ, ನೆರಳು ಹಾಕಿದ ಚಿತ್ರವನ್ನು ಪ್ರೆಸ್ಸಿಗೆ ಕೊಡಬಾರದು. ಮೂಲ ಡಿಸೈನನ್ನೇ ಕೊಡಬೇಕು. ಇಂಚಿಗೆ 300 ಚುಕ್ಕೆಯಂತೆ 12 ಇಂಚಿನ ಡಿಸೈನಿಗೆ 3600 ಪಿಕ್ಸೆಲ್ ಅಗಲ ಬೇಕು, ಹಿನ್ನೆಲೆ ಪಾರದರ್ಶಕವಾಗಿರಲಿ. ಪಿಡಿಎಫ್ ಕೊಡುವುದಾದರೆ ಇಂಕ್‌ಸ್ಕೇಪಿನಲ್ಲೋ ಇಲ್ಲಸ್ಟ್ರೇಟರಿನಲ್ಲೋ ಅಕ್ಷರಗಳನ್ನು ರೇಖೆಗಳಾಗಿ ಬದಲಿಸಿ ಕೊಡಿ. ಆಗ ಅವರ ಕಂಪ್ಯೂಟರಿನಲ್ಲಿ ಕನ್ನಡ ಫಾಂಟು ಇಲ್ಲದಿದ್ದರೂ ಒತ್ತು ಬಿಚ್ಚಿಕೊಳ್ಳುವುದಿಲ್ಲ. ಪ್ರೆಸ್ಸಿನವರು ಒಪ್ಪಿಗೆಗೆಂದು ಕಳಿಸುವ ಪ್ರೂಫನ್ನು ಕನ್ನಡ ಓದಬಲ್ಲ ಇಬ್ಬರು ಅಕ್ಷರ ಅಕ್ಷರ ಓದಿದ ಮೇಲೆಯೇ "ಓಕೆ" ಎನ್ನಿ. ಅವರಲ್ಲಿ ಒಬ್ಬರು ಡಿಸೈನ್ ಮಾಡಿದವರಲ್ಲದೆ ಬೇರೆಯವರಾಗಿರಲಿ. ಮಾಡಿದವನ ಕಣ್ಣಿಗೆ ಇಲ್ಲದ ಒತ್ತೂ ಕಾಣುತ್ತದೆ.

ಕೊನೆಗೆ ಒಂದು ಕಾಸೂ ಖರ್ಚಿಲ್ಲದ ಪರೀಕ್ಷೆ. ಡಿಸೈನನ್ನು ನಿಜವಾದ ಅಳತೆಯಲ್ಲಿ ಸಾದಾ ಕಾಗದದ ಮೇಲೆ ಪ್ರಿಂಟ್ ಮಾಡಿ, ಕತ್ತರಿಸಿ, ಸೇಫ್ಟಿ ಪಿನ್ನಿನಿಂದ ಶರ್ಟಿಗೆ ಸಿಕ್ಕಿಸಿ ಹತ್ತು ಹೆಜ್ಜೆ ದೂರದಿಂದ ನೋಡಿ. ನಂತರ ಮನೆಯ ಮಗುವನ್ನು ಕರೆದು ಓದಿಸಿ. ತಡವರಿಸದೆ ಓದಿದರೆ ನಿಮ್ಮ ಡಿಸೈನ್ ಪಾಸು.

ಇನ್ನೇನು, ನಿಮ್ಮ ಊರಿನ ಸಂಘಕ್ಕೋ, ಕನ್ನಡ ಕ್ಲಾಸಿಗೋ, ಮಕ್ಕಳ ಕ್ರಿಕೆಟ್ ತಂಡಕ್ಕೋ ಒಮ್ಮೆ ಮಾಡಿ ನೋಡಿ. ಒಂದು ಶನಿವಾರ ಮಧ್ಯಾಹ್ನ, ಜೊತೆಗೆ ಒಂದು ಫಿಲ್ಟರ್ ಕಾಫಿ ಇದ್ದರೆ ಸಾಕು. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನನ್ನನ್ನು ಹಿಡಿಯಿರಿ. ಲ್ಯಾಪ್‌ಟಾಪ್ ತಂದರೆ ಅಲ್ಲೇ ಕೂತು ನೋಡೋಣ.