ಚೀಲದಲ್ಲಿ ನಿದ್ರೆಗೂ ಜಾಗವಿರಲಿ

ಶುಕ್ರವಾರ ಸಂಜೆ. ಕದ್ರಿಯ ಮನೆಯೊಂದರಲ್ಲಿ ಎಂಜಿನಿಯರಿಂಗ್ ಓದುವ ಮಗ ಚೀಲ ತುಂಬಿಸುತ್ತಿದ್ದಾನೆ ಎಂದಿಟ್ಟುಕೊಳ್ಳಿ. ಲ್ಯಾಪ್‌ಟಾಪ್, ಚಾರ್ಜರ್, ಇಯರ್‌ಫೋನ್, ಜತೆಗೆ ನಾಲ್ಕು ಡಬ್ಬಿ ಎನರ್ಜಿ ಡ್ರಿಂಕ್. ‘ಮಲಗ್ಲಿಕ್ಕೆ ಏನಾದ್ರೂ ತಕೊಂಡಿದ್ದೀಯಾ?’ ಎಂದು ತಾಯಿ ಕೇಳಿದರೆ, ‘ಅಲ್ಲಿ ಮಲಗುವವರು ಯಾರಮ್ಮ?’ ಎಂಬ ಉತ್ತರ.

ಹುಡುಗ ಹೊರಟಿರುವುದು ‘ಗೇಮ್ ಜಾಮ್’ಗೆ. ಸ್ಥಳದಲ್ಲೇ ಕೊಟ್ಟ ವಿಷಯದ ಮೇಲೆ ವಾರಾಂತ್ಯದೊಳಗೆ ಕಂಪ್ಯೂಟರ್ ಆಟವೊಂದನ್ನು ತಯಾರಿಸುವ ಕೂಟವಿದು. 2009ರಲ್ಲಿ ಆರಂಭವಾದ ‘ಗ್ಲೋಬಲ್ ಗೇಮ್ ಜಾಮ್’ 48 ಗಂಟೆಗಳ ಪರಿಪಾಠವನ್ನು ಜಗತ್ತಿನ ಅನೇಕ ಊರುಗಳಿಗೆ ತಲುಪಿಸಿತು. ನಮ್ಮಲ್ಲಿ 2017ರಲ್ಲಿ ಶುರುವಾದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನ ಸಾಫ್ಟ್‌ವೇರ್ ಅಂತಿಮ ಸುತ್ತು 36 ಗಂಟೆಗಳದ್ದು. ಮಕ್ಕಳು ಕಲಿಯುವುದಕ್ಕೆ ಇಂಥ ಕೂಟಗಳು ಒಳ್ಳೆಯವೇ. ತಯಾರಿ ಮಾತ್ರ ಸರಿಯಾಗಿರಬೇಕು.

‘ನಾವು ರಾತ್ರಿಯಿಡೀ ಆಟ ನೋಡುತ್ತಿರಲಿಲ್ಲವೇ?’ ಎಂದು ಯಕ್ಷಗಾನ ನೆನೆದು ಹಿರಿಯರು ಕೇಳಬಹುದು. ನಿಜ. ಆದರೆ ನಿದ್ದೆ ಬಂದಾಗ ಚಾಪೆಯ ಮೇಲೆ ಒರಗಿ, ಚೆಂಡೆಯ ಸದ್ದಿಗೆ ಎದ್ದು, ಮರುದಿನ ಮನೆಯಲ್ಲಿ ಮಲಗುತ್ತಿದ್ದವರೇ ಹೆಚ್ಚು. ಸತತ ಎರಡು ರಾತ್ರಿ ಮಿದುಳಿಗೆ ಕೆಲಸ ಕೊಡುವ ಸಂಗತಿ ಬೇರೆ.

ನಿದ್ದೆಗೆಟ್ಟರೆ ಏನಾಗುತ್ತದೆ?

ಎಚ್ಚರವಿದ್ದಷ್ಟು ಹೊತ್ತು ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಸಂಗ್ರಹವಾಗುತ್ತ ನಿದ್ದೆಯನ್ನು ಕರೆಯುತ್ತದೆ. ಕಾಫಿಯ ಕೆಫೀನ್ ಈ ಕರೆಯನ್ನು ತಡೆಯುತ್ತದೆಯೇ ಹೊರತು ದಣಿವನ್ನು ಕಳೆಯುವುದಿಲ್ಲ. 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದ ಪ್ರಕಾರ, ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ. ಆಲ್ಕೋಹಾಲ್ ಇದ್ದವರಷ್ಟಕ್ಕೆ ಇಳಿದಿತ್ತು. ನಮ್ಮ ದೇಶದಲ್ಲಿ ವಾಹನ ಚಾಲಕರಿಗೆ ಕಾನೂನಿನ ಮಿತಿಯೇ 30 ಮಿ.ಗ್ರಾಂ.!

ಆದ್ದರಿಂದ ಕೂಟದ ಅತ್ಯಂತ ಅಪಾಯದ ಹೊತ್ತು ಸ್ಪರ್ಧೆಯದಲ್ಲ, ಮನೆಗೆ ಮರಳುವ ಭಾನುವಾರ ಸಂಜೆಯದು. ನಂತೂರಿನ ವಾಹನಗಳ ನಡುವೆ ಬೈಕಿನ ಮೇಲೆ ಎರಡು ಸೆಕೆಂಡು ಕಣ್ಣು ಮುಚ್ಚಿದರೂ ಸಾಕು, ಅನಾಹುತಕ್ಕೆ. ಹೋಗುವಾಗಲೇ ಬೈಕನ್ನು ಮನೆಯಲ್ಲಿ ಬಿಡಿ. ಬರುವಾಗ ಬಸ್ಸು, ರಿಕ್ಷಾ ಹಿಡಿಯಿರಿ. ಇಲ್ಲವೇ ಮನೆಯವರು ಕರೆತರಲಿ.

ಚೀಲದಲ್ಲಿ ಏನಿರಬೇಕು?

* ತೆಳ್ಳನೆಯ ಚಾಪೆ, ಗಾಳಿ ತುಂಬುವ ದಿಂಬು, ಹೊದಿಕೆ. ಹವಾನಿಯಂತ್ರಿತ ಕೊಠಡಿಯಲ್ಲಿ ರಾತ್ರಿ ಚಳಿಯಾಗುತ್ತದೆ. ಕಣ್ಣಿಗೆ ಕಟ್ಟಿಕೊಳ್ಳಲು ಕಪ್ಪು ಬಟ್ಟೆ.

* ಎರಡು ಜತೆ ಹತ್ತಿಯ ಬಟ್ಟೆ, ಬೈರಾಸು, ಹಲ್ಲುಜ್ಜುವ ಬ್ರಷ್. ಮುಖ ತೊಳೆದು ಬಟ್ಟೆ ಬದಲಿಸಿದರೆ ಅರ್ಧ ಆಯಾಸ ಇಳಿದಂತೆನಿಸುತ್ತದೆ.

* ನಿತ್ಯ ಸೇವಿಸುವ ಮಾತ್ರೆ, ಉಬ್ಬಸದವರಿಗೆ ಇನ್‌ಹೇಲರ್, ಕನ್ನಡಕ, ಒಂದು ಲೀಟರಿನ ನೀರಿನ ಬಾಟಲಿ.

* ಬಾಳೆಹಣ್ಣು, ಹುರಿದ ನೆಲಗಡಲೆ, ಖರ್ಜೂರ, ಒಣ ಅವಲಕ್ಕಿಯ ಚೂಡಾ. ನಮ್ಮ ಸೆಕೆಗೆ ತೆಂಗಿನಕಾಯಿ ಚಟ್ನಿ ಬೇಗ ಹಳಸುತ್ತದೆ, ಅದನ್ನು ಕಟ್ಟಿಕೊಡಬೇಡಿ. ಮೈದಾ, ಕರಿದ ತಿಂಡಿಗಳು ಹೊಟ್ಟೆ ಭಾರ ಮಾಡುತ್ತವೆ.

ಅಲ್ಲಿ ಹೇಗಿರಬೇಕು?

ಹಿಂದಿನ ನಾಲ್ಕೈದು ರಾತ್ರಿ ಒಂದು ಗಂಟೆ ಹೆಚ್ಚು ನಿದ್ದೆ ಮಾಡಿ. ಕೂಟದಲ್ಲಿ ಪ್ರತಿ ರಾತ್ರಿ ಕನಿಷ್ಠ ಐದಾರು ಗಂಟೆಯಾದರೂ ಮಲಗಲು ತಂಡವೇ ಮೊದಲು ಸಮಯ ಗೊತ್ತುಮಾಡಿಕೊಳ್ಳಲಿ. ನಿದ್ದೆಗಣ್ಣಿನಲ್ಲಿ ಮಾಡಿದ ತಪ್ಪನ್ನು ಹುಡುಕುವುದಕ್ಕೆ ಬೆಳಿಗ್ಗೆ ಹೋಗುವ ಹೊತ್ತು, ಮಲಗಿದ ಹೊತ್ತಿಗಿಂತ ಹೆಚ್ಚು. ಹಗಲಿನಲ್ಲಿ 20 ನಿಮಿಷದ ಕಿರುನಿದ್ದೆಯೂ ಉಪಯುಕ್ತ.

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿ.ಗ್ರಾಂ.ವರೆಗಿನ ಕೆಫೀನ್ ಸಾಮಾನ್ಯವಾಗಿ ಹಾನಿ ಮಾಡದು. 250 ಮಿ.ಲೀ. ಎನರ್ಜಿ ಡ್ರಿಂಕ್‌ನಲ್ಲಿ ಸುಮಾರು 75 ಮಿ.ಗ್ರಾಂ. ಕೆಫೀನ್ ಇರುತ್ತದೆ, ಸಕ್ಕರೆ ಬೇರೆ. ಕುಡಿದ ಐದಾರು ಗಂಟೆಯ ನಂತರವೂ ಅರ್ಧದಷ್ಟು ಕೆಫೀನ್ ದೇಹದಲ್ಲಿ ಉಳಿಯುವುದರಿಂದ ಸಂಜೆಯ ಬಳಿಕ ಅದು ಬೇಡ. ಬದಲಿಗೆ ಮಜ್ಜಿಗೆ, ಪುನರ್ಪುಳಿ ಶರಬತ್ತು, ಬೊಂಡ ಸಾಕು.

20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ, ಕಣ್ಣು ಮಿಟುಕಿಸಿ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಮಣಿಕಟ್ಟು, ಕುತ್ತಿಗೆಗೆ ವಿಶ್ರಾಂತಿ ಕೊಡಿ.

ಯಾರು ಎಚ್ಚರ ವಹಿಸಬೇಕು?

ಅಪಸ್ಮಾರ ಇರುವವರಲ್ಲಿ ನಿದ್ದೆಗೇಡು ಸೆಳವಿಗೆ ಕಾರಣವಾಗಬಲ್ಲದು. ಅರೆತಲೆನೋವು ಕೆರಳಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಊಟದ ಹೊತ್ತು ತಪ್ಪಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಇಂಥವರು ವೈದ್ಯರನ್ನು ಕೇಳಿಯೇ ಹೊರಡಬೇಕು. ತಂಡದ ಒಬ್ಬರಿಗಾದರೂ ವಿಷಯ ತಿಳಿಸಿರಬೇಕು. ಇದರಲ್ಲಿ ಸಂಕೋಚ ಸಲ್ಲದು.

ಮನೆಗೆ ಬಂದ ಮಗನಿಗೆ ಗೆದ್ದೆಯಾ, ಸೋತೆಯಾ ಎಂಬ ಪ್ರಶ್ನೆ ಆಗಲೇ ಬೇಡ. ಬಿಸಿ ಕುಚ್ಚಲಕ್ಕಿ ಗಂಜಿ, ಒಂದು ಉಪ್ಪಿನಕಾಯಿ ಹೋಳು ಕೊಟ್ಟು ಮಲಗಲು ಬಿಡಿ. ಆಟದ ಕಥೆ ಸೋಮವಾರ ಕೇಳಿದರಾಯಿತು.